ಕಾಲೇಜಿನ ರಸಾಯನಶಾಸ್ತ್ರ ಪ್ರಾಜೆಕ್ಟಿಗೆ ಆಕರ ಹುಡುಕುವುದು ಹೇಗೆ?

ನಿಲಂಗಾ, ಉಮರಗಾ, ಉದಗೀರ ಭಾಗದ ನಮ್ಮ ಅನೇಕ ಮಕ್ಕಳ ಮನೆಮಾತು ಕನ್ನಡ, ಶಾಲೆಯಲ್ಲಿ ಓದಿದ್ದು ಮರಾಠಿ. ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದ ಮೇಲೆ ಪುಸ್ತಕಗಳೆಲ್ಲ ಇಂಗ್ಲಿಷ್. ಹೀಗಿರುವಾಗ ಅಧ್ಯಾಪಕರು ಒಂದು ವಿಷಯ ಕೊಟ್ಟು, ಗ್ರಂಥಾಲಯದಲ್ಲಿ ಆಕರ ಹುಡುಕಿ ಬರೆದು ತನ್ನಿ ಎಂದರೆ ಎಲ್ಲಿಂದ ಆರಂಭಿಸಬೇಕೆಂದು ತೋಚುವುದಿಲ್ಲ. ಅಂಥ ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಈ ಲೇಖನ.

ಮೊದಲು ಪದ ಸರಿಪಡಿಸಿಕೊಳ್ಳಿ

ಮೂರು ಭಾಷೆ ಬಲ್ಲವರಿಗೆ ಅನುಕೂಲವೂ ಇದೆ, ಅಪಾಯವೂ ಇದೆ. ಮರಾಠಿಯಲ್ಲಿ ‘ಅಣು’ ಎಂದರೆ ಆಟಮ್, ‘ರೇಣು’ ಎಂದರೆ ಮಾಲಿಕ್ಯೂಲ್. ಕನ್ನಡದಲ್ಲಿ ಆಟಮ್ ‘ಪರಮಾಣು’, ಮಾಲಿಕ್ಯೂಲ್ ‘ಅಣು’. ಮರಾಠಿ ಪಠ್ಯದಲ್ಲಿ ‘ಕ್ಷಾರ’ ಎಂದರೆ ಸಾಲ್ಟ್; ಕನ್ನಡದಲ್ಲಿ ಅದು ‘ಲವಣ’, ‘ಕ್ಷಾರ’ ಎಂದರೆ ಆಲ್ಕಲಿ. ಒಂದೇ ಪದ, ಅರ್ಥ ಬೇರೆ. ಇದನ್ನು ಗಮನಿಸದೆ ಎರಡೂ ಭಾಷೆಯ ಪುಸ್ತಕ ನೋಡಿ ಟಿಪ್ಪಣಿ ಮಾಡಿಕೊಂಡರೆ ಇಡೀ ಬರಹ ತಪ್ಪುತ್ತದೆ. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಕಾಲಂ ಹಾಕಿ, ವಿಷಯಕ್ಕೆ ಬೇಕಾದ ಹತ್ತು ಹದಿನೈದು ಪದಗಳನ್ನು ಇಂಗ್ಲಿಷ್, ಮರಾಠಿ, ಕನ್ನಡದಲ್ಲಿ ಬರೆದುಕೊಳ್ಳಿ. ಕಂಪ್ಯೂಟರಿನಲ್ಲಿ ಹುಡುಕಲು ಬೇಕಾಗುವುದು ಇಂಗ್ಲಿಷ್ ಪದ. ಅರ್ಥ ಮನಸ್ಸಿಗೆ ಹತ್ತಲು ಉಳಿದೆರಡು.

ಪರಿಕಲ್ಪನೆ ತಿಳಿಯಲು ವಾಯಿಯಲ್ಲಿರುವ ಮಂಡಳಿ ಸಿದ್ಧಪಡಿಸಿದ ಮರಾಠಿ ವಿಶ್ವಕೋಶ ಅಂತರ್ಜಾಲದಲ್ಲಿ ಉಚಿತವಾಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳು ಕನ್ನಡ ವಿಕಿಸೋರ್ಸ್‌ನಲ್ಲಿ ಸಿಗುತ್ತವೆ. ಇವು ತಿಳಿವಳಿಕೆಗೆ; ಹೊಸ ಅಂಕಿ-ಅಂಶಗಳಿಗೆ ಮುಂದೆ ಹೋಗಬೇಕು.

ಪ್ರಶ್ನೆ ಚಿಕ್ಕದಾಗಿರಲಿ

‘ನೀರು’ ಎಂಬುದು ವಿಷಯವಾಗುವುದಿಲ್ಲ. ‘ನಮ್ಮ ಊರಿನ ಬೋರ್‌ವೆಲ್ ನೀರಿನ ಗಡಸುತನ ಕುಡಿಯುವ ನೀರಿನ ಮಾನದಂಡದೊಳಗೆ ಇದೆಯೇ?’ ಎಂಬುದು ವಿಷಯ. 2016ರಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದದ್ದನ್ನು ಕಂಡ ನಮಗೆ ಇದು ಪರೀಕ್ಷೆಗೆ ಮಾತ್ರ ಓದುವ ಪ್ರಶ್ನೆಯಲ್ಲ. ಈ ಒಂದು ಪ್ರಶ್ನೆಗೆ ನಾಲ್ಕು ಬಗೆಯ ಆಕರ ಸಾಕು.

1. ವಿಧಾನ: ಗಡಸುತನವನ್ನು ಇಡಿಟಿಎ ಟೈಟ್ರೇಶನ್‌ನಿಂದ ಅಳೆಯುತ್ತಾರೆ. ಪಿಎಚ್ 10ರ ಬಫರ್, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ; ದ್ರಾವಣ ಕೆಂಪಿನಿಂದ ನೀಲಿಗೆ ತಿರುಗಿದಾಗ ನಿಲ್ಲಿಸಬೇಕು. ಇದರ ವಿವರ ವೋಗೆಲ್ ಅವರ ವಿಶ್ಲೇಷಣಾ ರಸಾಯನಶಾಸ್ತ್ರದ ಪುಸ್ತಕದಲ್ಲಿದೆ. ಡ್ಯೂಯಿ ವರ್ಗೀಕರಣ ಬಳಸುವ ಗ್ರಂಥಾಲಯಗಳಲ್ಲಿ ರಸಾಯನಶಾಸ್ತ್ರ 540ರಲ್ಲಿ, ವಿಶ್ಲೇಷಣಾ ರಸಾಯನಶಾಸ್ತ್ರ 543ರಲ್ಲಿ ಇರುತ್ತದೆ. ಒಂದು ಪುಸ್ತಕ ಸಿಕ್ಕರೆ ಅದರ ಅಕ್ಕಪಕ್ಕದ ಪುಸ್ತಕಗಳನ್ನೂ ತೆರೆದು ನೋಡಿ.

2. ಮಾನದಂಡ: ಭಾರತೀಯ ಮಾನಕ ಬ್ಯೂರೋದ ಐಎಸ್ 10500 (2012) ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಇದನ್ನು ಯಾವುದೋ ಜಾಲತಾಣದಿಂದ ಎತ್ತಿ ಬರೆಯದೆ ಮೂಲ ದಾಖಲೆಯನ್ನೇ ನೋಡಿ ಬರೆಯಿರಿ.

3. ಸ್ಥಳೀಯ ಮಾಹಿತಿ: ಕೇಂದ್ರ ಅಂತರ್ಜಲ ಮಂಡಳಿಯ ಜಿಲ್ಲಾ ವರದಿಗಳು ಉಚಿತ. ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ದಲ್ಲಿವೆ. ಹುಡುಕುವಾಗ ಹಳೆಯ ಹೆಸರುಗಳನ್ನೂ ಹಾಕಿ. ಧಾರಾಶಿವದ ಹಳೆಯ ವರದಿಗಳು ಉಸ್ಮಾನಾಬಾದ್ ಹೆಸರಿನಲ್ಲಿವೆ. ಲಾತೂರ ಜಿಲ್ಲೆ ಆದದ್ದೇ 1982ರಲ್ಲಿ. ಅದಕ್ಕೂ ಮುಂಚೆ ನಮ್ಮ ತಾಲೂಕುಗಳು ಉಸ್ಮಾನಾಬಾದಿನಲ್ಲಿದ್ದವು. 1956ಕ್ಕಿಂತ ಹಿಂದಿನದು ಬೇಕಾದರೆ ನಿಲಂಗಾ, ಉದಗೀರಗಳನ್ನು ಬೀದರ ಜಿಲ್ಲೆಯಲ್ಲಿ ಹುಡುಕಬೇಕು. ಬೀದರ, ಕಲಬುರಗಿಯ ವರದಿಗಳನ್ನೂ ನೋಡಿ. ಕಲ್ಲು, ಮಣ್ಣು ಗಡಿ ನೋಡಿ ಬದಲಾಗುವುದಿಲ್ಲ.

4. ವಿವರಣೆ: ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ಪ್ರಕಟಿಸುತ್ತಿರುವ ‘ರೆಸೊನೆನ್ಸ್’ ಪತ್ರಿಕೆ ಪದವಿ ವಿದ್ಯಾರ್ಥಿಗಳಿಗೆಂದೇ ಇದ್ದು, ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿದೆ. ‘ಓಪನ್‌ಸ್ಟ್ಯಾಕ್ಸ್’ನ ರಸಾಯನಶಾಸ್ತ್ರ ಪುಸ್ತಕ, ಸಂಯುಕ್ತಗಳ ಗುಣಲಕ್ಷಣ ತಿಳಿಸುವ ‘ಪಬ್‌ಕೆಮ್’ ಇವಕ್ಕೂ ದುಡ್ಡು ಬೇಡ.

ದುಡ್ಡು ಕೇಳಿದರೆ ನಿಲ್ಲಬೇಡಿ

ಲೇಖನವೊಂದನ್ನು ತೆರೆಯಲು ಹೋದರೆ ಡಾಲರ್ ಲೆಕ್ಕದಲ್ಲಿ ಹಣ ಕೇಳುತ್ತದೆ. ಎಷ್ಟೋ ಮಕ್ಕಳು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಗೂಗಲ್ ಸ್ಕಾಲರ್‌ನಲ್ಲಿ ಅದೇ ಲೇಖನದ ಎಲ್ಲ ಆವೃತ್ತಿಗಳನ್ನು ನೋಡಿದರೆ ಕೆಲವೊಮ್ಮೆ ಉಚಿತ ಪ್ರತಿ ಇರುತ್ತದೆ. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲಿ ಯಾರು ಬೇಕಾದರೂ ಹುಡುಕಬಹುದು. ಕಾಲೇಜು ‘ಎನ್-ಲಿಸ್ಟ್’ ಸದಸ್ಯನಾಗಿದ್ದರೆ ಗ್ರಂಥಪಾಲಕರ ಮೂಲಕ ಲಾಗಿನ್ ಪಡೆದು ಮನೆಯಲ್ಲೇ ಓದಬಹುದು. 2025ರ ಜನವರಿಯಲ್ಲಿ ಆರಂಭವಾದ ‘ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್’ ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕಗಳು ದೊರೆಯುತ್ತವೆ. ನಮ್ಮ ಕಾಲೇಜಿಗೆ ಇವುಗಳಲ್ಲಿ ಯಾವುದು ಇದೆ ಎಂದು ಗ್ರಂಥಪಾಲಕರನ್ನು ನೇರವಾಗಿ ಕೇಳಿ. ಯಾರೂ ಕೇಳದ ಸೌಲಭ್ಯ ಇದ್ದೂ ಇಲ್ಲದಂತೆ.

ಇನ್ನೊಂದು ಸುಲಭ ದಾರಿ ಪಠ್ಯಕ್ರಮದ್ದು. ನಿಲಂಗಾ, ಉದಗೀರ ನಾಂದೇಡಿನ ಸ್ವಾಮಿ ರಮಾನಂದ ತೀರ್ಥ ಮರಾಠವಾಡಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಉಮರಗಾ ಛತ್ರಪತಿ ಸಂಭಾಜಿನಗರದ ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ನಿಮ್ಮ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಕೊಟ್ಟಿರುವ ಪರಾಮರ್ಶನ ಗ್ರಂಥಗಳನ್ನೇ ಮೊದಲು ಕೇಳಿ.

ಬರೆಯುವ ಮುನ್ನ

ಯಾವ ಆಕರವಾದರೂ ಬರೆದವರು ಯಾರು, ಯಾವ ವರ್ಷ, ಅಂಕಿ ಎಲ್ಲಿಂದ ಬಂತು ಎಂಬ ಮೂರು ಪ್ರಶ್ನೆ ಕೇಳಿ. ಎಐ ಹೇಳಿದ ಲೇಖನದ ಹೆಸರನ್ನು ಹಾಗೇ ನಂಬಬೇಡಿ. ಇಲ್ಲದ ಲೇಖನಗಳ ಹೆಸರನ್ನೂ ಅದು ಕೊಡುವುದುಂಟು. ತೆರೆದು ಓದಿದ್ದನ್ನು ಮಾತ್ರ ಪಟ್ಟಿಗೆ ಸೇರಿಸಿ. ಪುಟ ಸಂಖ್ಯೆಯನ್ನು ಓದುವಾಗಲೇ ಬರೆದಿಟ್ಟುಕೊಳ್ಳಿ.

ನಮ್ಮ ಸದಸ್ಯರಲ್ಲಿ ರಸಾಯನಶಾಸ್ತ್ರ ಓದಿದವರು, ಕಲಿಸಿದವರು ಇದ್ದೀರಿ. ನಿಮ್ಮ ಓಣಿಯಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಇದ್ದರೆ ಒಂದು ಸಂಜೆ ಕೂಡಿಸಿಕೊಂಡು ಆ ಮೂರು ಕಾಲಂ ಪದಪಟ್ಟಿ ಮಾಡಿಕೊಡಿ. ಮುಂದಿನದನ್ನು ಮಕ್ಕಳೇ ಹುಡುಕಿಕೊಳ್ಳುತ್ತಾರೆ.