ನಿಮಗಿದು ಗೊತ್ತೆ? ಸದನ ಸೇರದೆಯೇ ಸದನ ವಿಸರ್ಜನೆ!

ಶಾಸಕರನ್ನು ಒಂದು ಮಾತೂ ಕೇಳದೆ ವಿಧಾನಸಭೆಯನ್ನು ವಿಸರ್ಜಿಸಬಹುದೆ? 2018ರ ಸೆಪ್ಟೆಂಬರ್ 6ರಂದು ಹೈದರಾಬಾದಿನಲ್ಲಿ ಆದದ್ದು ಅದೇ. ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಸಂಪುಟದ ನಿರ್ಣಯವನ್ನು ರಾಜಭವನಕ್ಕೆ ಒಯ್ದರು, ರಾಜ್ಯಪಾಲ ಇ.ಎಸ್.ಎಲ್. ನರಸಿಂಹನ್ ಅಂದೇ ಒಪ್ಪಿದರು. ತೆಲಂಗಾಣದ ಮೊದಲ ವಿಧಾನಸಭೆಗೆ ಆಗ ಎಂಟು ತಿಂಗಳಿಗೂ ಹೆಚ್ಚು ಆಯುಷ್ಯವಿತ್ತು.

ನಮ್ಮ ರಾಯಚೂರಿಗೆ ಹತ್ತಿರದ ಗದ್ವಾಲದ ಆಗಿನ ಕಾಂಗ್ರೆಸ್ ನಾಯಕಿ ಡಿ.ಕೆ. ಅರುಣಾ ಹೈಕೋರ್ಟಿನ ಮೊರೆ ಹೋದರು. ಸದನ ಕರೆಯದೆ, ಸದಸ್ಯರಿಗೆ ತಿಳಿಸದೆ ವಿಸರ್ಜಿಸಿದ್ದು ತಪ್ಪೆಂಬುದು ಅವರ ವಾದ. ಅಕ್ಟೋಬರ್‌ನಲ್ಲಿ ಅರ್ಜಿ ವಜಾ ಆಯಿತು. ಸಂವಿಧಾನದ 174ನೇ ವಿಧಿ ವಿಸರ್ಜನೆಯ ಅಧಿಕಾರವನ್ನು ರಾಜ್ಯಪಾಲರಿಗೆ ಕೊಟ್ಟಿದೆ. ಸದನದ ಒಪ್ಪಿಗೆ ಬೇಕೆಂದು ಅಲ್ಲೆಲ್ಲೂ ಹೇಳಿಲ್ಲ.

ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದೆಂಬ ನಿಯಮ? ಅದು ಜೀವಂತ ಸದನಕ್ಕೆ ಮಾತ್ರ, ವಿಸರ್ಜಿತ ಸದನಕ್ಕಲ್ಲ ಎಂದು ಗುಜರಾತ್ ವಿಧಾನಸಭೆ ವಿಸರ್ಜನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಆದರೂ ಚುನಾವಣೆ ಬೇಗ ನಡೆಯಬೇಕೆಂದಿತು. ತೆಲಂಗಾಣದಲ್ಲಿ ಡಿಸೆಂಬರ್ 7ಕ್ಕೇ ಮತದಾನವಾಯಿತು. 119ರಲ್ಲಿ 88 ಸ್ಥಾನ ರಾವ್ ಪಕ್ಷಕ್ಕೆ.

ಮುಖ್ಯಮಂತ್ರಿಯೇ ಕೇಳಿದ ವಿಸರ್ಜನೆ ಒಂದು ಬಗೆ, ಕೇಂದ್ರ ಹೇರುವುದು ಇನ್ನೊಂದು. 1989ರಲ್ಲಿ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸದನದಲ್ಲೇ ಬಹುಮತ ತೋರಿಸುತ್ತೇನೆಂದರೂ ಕೇಳದೆ ಸರ್ಕಾರ ವಜಾ ಮಾಡಿ, ವಿಧಾನಸಭೆಯನ್ನೂ ವಿಸರ್ಜಿಸಲಾಯಿತು. ಸಂಸತ್ತು ಒಪ್ಪುವ ಮೊದಲು ಹಾಗೆ ವಿಸರ್ಜಿಸುವಂತಿಲ್ಲ ಎಂದು 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ಮುಗಿದು ನಾಲ್ಕು ವರ್ಷ ಕಳೆದಿತ್ತು.