ಡೇಟಾಬೇಸ್ ರೆಪ್ಲಿಕೇಶನ್ ದೋಷನಿವಾರಣೆ

ಡೇಟಾಬೇಸ್ ರೆಪ್ಲಿಕೇಶನ್ ಎಂಬುದು ಒಂದು ಸರ್ವರ್‌ನ ದತ್ತಾಂಶದಲ್ಲಿ ಆಗುವ ಬದಲಾವಣೆಗಳನ್ನು ಜಾಲದ ಮೂಲಕ ಮತ್ತೊಂದು ಸರ್ವರ್‌ಗೆ ಕಳುಹಿಸಿ, ಎರಡೂ ಕಡೆ ಒಂದೇ ದತ್ತಾಂಶ ಇರುವಂತೆ ನೋಡಿಕೊಳ್ಳುವ ವಿಧಾನವಾಗಿದೆ. ಬದಲಾವಣೆಗಳು ಮೊದಲು ದಾಖಲಾಗುವ ಸರ್ವರ್ ಅನ್ನು ಈ ಲೇಖನದಲ್ಲಿ ಮೂಲ ಸರ್ವರ್ ಎಂದೂ, ಅವುಗಳನ್ನು ಪಡೆಯುವ ಸರ್ವರ್ ಅನ್ನು ನಕಲು ಸರ್ವರ್ ಎಂದೂ ಕರೆಯಲಾಗಿದೆ. ಎರಡೂ ಬೇರೆ ಬೇರೆ ಊರುಗಳಲ್ಲಿದ್ದಾಗ ನಕಲು ಹಿಂದೆ ಬೀಳಬಹುದು, ನಿಂತುಹೋಗಬಹುದು ಅಥವಾ ಮೂಲಕ್ಕಿಂತ ಭಿನ್ನವಾಗಬಹುದು. ಈ ಮೂರು ಸ್ಥಿತಿಗಳನ್ನು ಬೇರ್ಪಡಿಸಿ ಗುರುತಿಸುವುದೇ ದೋಷನಿವಾರಣೆಯ ಮೊದಲ ಹಂತವಾಗಿದೆ. ನಿಂತುಹೋದ ನಕಲು ದೋಷಸಂದೇಶವನ್ನು ತೋರಿಸುತ್ತದೆ. ಭಿನ್ನವಾದ ನಕಲು ಯಾವ ಸೂಚನೆಯನ್ನೂ ನೀಡದೆ ತಪ್ಪು ಮಾಹಿತಿಯನ್ನು ಒದಗಿಸುತ್ತಲೇ ಇರುತ್ತದೆ. ಆದ್ದರಿಂದ ಮೂರನೆಯದೇ ಹೆಚ್ಚು ಅಪಾಯಕಾರಿ.

ಕರ್ನಾಟಕದ ಹಿನ್ನೆಲೆ

ಕರ್ನಾಟಕ ಸರ್ಕಾರದ ಕಂದಾಯ ಇಲಾಖೆಯು 2000ದ ದಶಕದ ಆರಂಭದಲ್ಲಿ ಜಾರಿಗೆ ತಂದ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಇದರ ತಂತ್ರಾಂಶವನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ (ಎನ್‌ಐಸಿ) ರೂಪಿಸಿತು. ಮೊದಲ ಹಂತದಲ್ಲಿ ದತ್ತಾಂಶವು ಆಯಾ ತಾಲ್ಲೂಕು ಕಛೇರಿಯಲ್ಲಿಯೇ ಇತ್ತು. ಪಹಣಿಯನ್ನು ಬೇರೆ ಸ್ಥಳಗಳಿಂದಲೂ ಪಡೆಯುವಂತಾಗಬೇಕಾದರೆ ತಾಲ್ಲೂಕಿನ ದತ್ತಾಂಶವು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ತಲುಪಬೇಕು. ಕರ್ನಾಟಕ ರಾಜ್ಯ ವಿಸ್ತೃತ ಜಾಲವು (ಕೆಸ್ವಾನ್) ರಾಜ್ಯ, ಜಿಲ್ಲೆ ಮತ್ತು ತಾಲ್ಲೂಕು ಕೇಂದ್ರಗಳನ್ನು ಹಂತಹಂತವಾಗಿ ಬೆಸೆಯುತ್ತದೆ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದಿದೆ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ನೇರ ರಸ್ತೆಯೂ ಆಂಧ್ರದ ಮಡಕಶಿರಾ ಭಾಗವನ್ನು ಹಾದುಹೋಗುತ್ತದೆ. ಇಲ್ಲಿನ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನಕ್ಕಾಗಿ ತಿರುಮಣಿ, ವಳ್ಳೂರು ಮುಂತಾದ ಗ್ರಾಮಗಳ ರೈತರು ಮಾಲೀಕತ್ವವನ್ನು ಉಳಿಸಿಕೊಂಡು ಸುಮಾರು 13,000 ಎಕರೆ ಜಮೀನನ್ನು ಗುತ್ತಿಗೆಗೆ ನೀಡಿದ್ದಾರೆ. ಗುತ್ತಿಗೆಯ ಹಣವಾಗಲಿ, ಬೆಳೆ ಸಾಲವಾಗಲಿ ಯಾರಿಗೆ ಸಲ್ಲಬೇಕೆಂಬುದನ್ನು ನಿರ್ಧರಿಸುವಲ್ಲಿ ಪಹಣಿಯ ನಮೂದು ಮುಖ್ಯವಾಗುತ್ತದೆ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 133ನೇ ಪ್ರಕರಣದ ಪ್ರಕಾರ ಹಕ್ಕು ದಾಖಲೆಯ ನಮೂದನ್ನು, ಅದಕ್ಕೆ ವಿರುದ್ಧವಾದುದು ರುಜುವಾತಾಗುವವರೆಗೆ, ನಿಜವೆಂದೇ ಭಾವಿಸಲಾಗುತ್ತದೆ. ಹೀಗಾಗಿ ಹಳೆಯ ನಕಲಿನಿಂದ ಮುದ್ರಿತವಾದ ಪಹಣಿಯು ರೈತನ ಹಕ್ಕಿನ ಪ್ರಶ್ನೆಯಾಗಿ ಪರಿಣಮಿಸಬಹುದು.

ಈ ಲೇಖನದ ಮುಂದಿನ ಭಾಗಗಳಲ್ಲಿ ಪಾವಗಡದಲ್ಲಿ ಒಂದು ಮೂಲ ಸರ್ವರ್ ಮತ್ತು ಬೆಂಗಳೂರಿನಲ್ಲಿ ಒಂದು ನಕಲು ಸರ್ವರ್ ಇರುವ ವ್ಯವಸ್ಥೆಯನ್ನು ಕಾಲ್ಪನಿಕ ಉದಾಹರಣೆಯಾಗಿ ಬಳಸಲಾಗಿದೆ.

ಕಾರ್ಯವಿಧಾನ

ರೆಪ್ಲಿಕೇಶನ್ ಮೂರು ಹೆಜ್ಜೆಗಳಲ್ಲಿ ನಡೆಯುತ್ತದೆ. ಮೂಲ ಸರ್ವರ್ ಪ್ರತಿಯೊಂದು ಬದಲಾವಣೆಯನ್ನೂ ಒಂದು ಲಾಗ್‌ನಲ್ಲಿ ಕ್ರಮವಾಗಿ ಬರೆಯುತ್ತದೆ. ನಕಲು ಸರ್ವರ್ ಆ ಲಾಗ್ ಅನ್ನು ಜಾಲದ ಮೂಲಕ ಪಡೆಯುತ್ತದೆ. ನಂತರ ಅದನ್ನು ಅದೇ ಕ್ರಮದಲ್ಲಿ ತನ್ನ ದತ್ತಾಂಶಕ್ಕೆ ಅನ್ವಯಿಸುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಮೂಲದ ಲಾಗ್ ಅನ್ನು ಬೈನರಿ ಲಾಗ್ ಎಂದೂ, ನಕಲು ಸರ್ವರ್‌ನಲ್ಲಿ ಸಂಗ್ರಹವಾಗುವ ಲಾಗ್ ಅನ್ನು ರಿಲೇ ಲಾಗ್ ಎಂದೂ ಕರೆಯುತ್ತಾರೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಇದೇ ಕೆಲಸವನ್ನು ವಾಲ್ (ರೈಟ್-ಅಹೆಡ್ ಲಾಗ್) ನಿರ್ವಹಿಸುತ್ತದೆ.

ನಕಲು ಸರ್ವರ್‌ನ ಒಪ್ಪಿಗೆ ಬರುವವರೆಗೆ ಮೂಲ ಸರ್ವರ್ ಕಾಯುವ ಪದ್ಧತಿಯು ಸಮಕಾಲಿಕ ರೆಪ್ಲಿಕೇಶನ್. ಕಾಯದೆ ಮುಂದುವರಿಯುವುದು ಅಸಮಕಾಲಿಕ ರೆಪ್ಲಿಕೇಶನ್. ಮೊದಲನೆಯದರಲ್ಲಿ ಸಂಪರ್ಕ ಕಡಿದರೆ ತಾಲ್ಲೂಕು ಕಛೇರಿಯ ಕೆಲಸವೇ ನಿಲ್ಲಬಹುದು. ಎರಡನೆಯದರಲ್ಲಿ ಕೆಲಸ ನಡೆಯುತ್ತದೆ, ಆದರೆ ನಕಲು ಹಿಂದೆ ಬೀಳುತ್ತದೆ. ಸಂಪರ್ಕವು ಆಗಾಗ ಕಡಿಯುವ ಸ್ಥಳಗಳಲ್ಲಿ ಸಾಮಾನ್ಯವಾಗಿ ಎರಡನೆಯದನ್ನೇ ಆಯ್ದುಕೊಳ್ಳಲಾಗುತ್ತದೆ.

ದೂರ ಮತ್ತು ವಿಳಂಬ

ದೂರವೇ ವಿಳಂಬಕ್ಕೆ ಮುಖ್ಯ ಕಾರಣವೆಂಬ ಭಾವನೆ ಸಾಮಾನ್ಯವಾಗಿದೆ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಚಲಿಸುತ್ತದೆ. ಪಾವಗಡದಿಂದ ಬೆಂಗಳೂರಿಗೆ ಸುತ್ತುದಾರಿಯ ಕೇಬಲ್ 300 ಕಿ.ಮೀ. ಇದೆ ಎಂದುಕೊಂಡರೂ ಹೋಗಿಬರಲು ತಗಲುವ ಸಮಯ 3 ಮಿಲಿಸೆಕೆಂಡ್ ಮಾತ್ರ. ಸಂಪರ್ಕವು ಭೂಸ್ಥಿರ ಉಪಗ್ರಹದ ಮೂಲಕ ಇದ್ದರೆ ಸ್ಥಿತಿ ಬೇರೆ. ಸುಮಾರು 35,786 ಕಿ.ಮೀ. ಎತ್ತರದ ಉಪಗ್ರಹಕ್ಕೆ ಸಂದೇಶ ಏರಿ ಇಳಿದು, ಉತ್ತರವೂ ಅದೇ ರೀತಿ ಮರಳಲು ಅರ್ಧ ಸೆಕೆಂಡಿನಷ್ಟು ಬೇಕು. ಆಗ ಟಿಸಿಪಿ ವಿಂಡೋ 64 ಕಿಲೋಬೈಟ್‌ಗೆ ಸೀಮಿತವಾಗಿದ್ದು, ಹೋಗಿಬರುವ ಸಮಯ 0.6 ಸೆಕೆಂಡ್ ಇದ್ದರೆ, ಒಂದು ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 0.87 ಮೆಗಾಬಿಟ್‌ಗಿಂತ ಹೆಚ್ಚು ಸಾಗದು. ಎಷ್ಟು ದೊಡ್ಡ ಬ್ಯಾಂಡ್‌ವಿಡ್ತ್ ಖರೀದಿಸಿದರೂ ವಿಂಡೋವನ್ನು ಹಿಗ್ಗಿಸದೆ ಈ ಮಿತಿ ಬದಲಾಗುವುದಿಲ್ಲ.

ಸಂಪರ್ಕ ಕಡಿತದ ಪರಿಣಾಮವನ್ನು ಲೆಕ್ಕದಿಂದ ತಿಳಿಯಬಹುದು. ಮೂಲ ಸರ್ವರ್ ಗಂಟೆಗೆ 200 ಮೆಗಾಬೈಟ್ ಲಾಗ್ ಬರೆಯುತ್ತದೆ ಎಂದುಕೊಂಡರೆ, 3 ದಿನಗಳ ಕಡಿತದಲ್ಲಿ 14,400 ಮೆಗಾಬೈಟ್ ಬಾಕಿ ಉಳಿಯುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ಸಾಮರ್ಥ್ಯದ ಸಂಪರ್ಕವು ಗಂಟೆಗೆ 900 ಮೆಗಾಬೈಟ್ ಸಾಗಿಸುತ್ತದೆ. ಅದರಲ್ಲಿ 200 ಹೊಸ ಲಾಗ್‌ಗೆ ಹೋದರೆ ಬಾಕಿಗೆ ಉಳಿಯುವುದು 700. ಆದ್ದರಿಂದ ಸಂಪರ್ಕ ಮರಳಿದ ಮೇಲೂ ಸುಮಾರು 21 ಗಂಟೆಗಳ ಕಾಲ ನಕಲು ಹಳೆಯದಾಗಿಯೇ ಇರುತ್ತದೆ.

ಪತ್ತೆಹಚ್ಚುವ ಕ್ರಮ

ದೋಷವನ್ನು ಮೇಲಿನ ಮೂರು ಹೆಜ್ಜೆಗಳ ಕ್ರಮದಲ್ಲಿಯೇ ಹುಡುಕುವುದು ಸೂಕ್ತ.

1. ಮೂಲದ ಲಾಗ್: ಮೂಲ ಸರ್ವರ್‌ನಲ್ಲಿ ಲಾಗ್‌ನ ಸ್ಥಾನ ಮುಂದುವರಿಯುತ್ತಿದೆಯೇ, ಡಿಸ್ಕ್‌ನಲ್ಲಿ ಸ್ಥಳವಿದೆಯೇ ಎಂದು ನೋಡಬೇಕು.

2. ಸಾಗಣೆ: ನಕಲು ಸರ್ವರ್ ಪಡೆದಿರುವ ಸ್ಥಾನವನ್ನು ಮೂಲದ ಸ್ಥಾನದೊಡನೆ ಹೋಲಿಸಬೇಕು. ಅಂತರ ಹೆಚ್ಚುತ್ತಿದ್ದರೆ ದೋಷ ಜಾಲದಲ್ಲಿದೆ.

3. ಅನ್ವಯ: ಲಾಗ್ ಬಂದು ತಲುಪಿದ್ದೂ ಅನ್ವಯವಾಗಿರದಿದ್ದರೆ ದೋಷ ನಕಲು ಸರ್ವರ್‌ನಲ್ಲಿದೆ. ಮೈಎಸ್‌ಕ್ಯೂಎಲ್‌ನಲ್ಲಿ 'ಶೋ ರೆಪ್ಲಿಕಾ ಸ್ಟೇಟಸ್' ಆದೇಶವು ಸಾಗಣೆ ಮತ್ತು ಅನ್ವಯ ಎರಡರ ಸ್ಥಿತಿಯನ್ನೂ ಪ್ರತ್ಯೇಕವಾಗಿ ತೋರಿಸುತ್ತದೆ.

4. ಹೋಲಿಕೆ: ಮೂರೂ ಸರಿಯಿದ್ದರೂ ದತ್ತಾಂಶ ಒಂದೇ ಆಗಿದೆಯೆಂದು ಹೇಳಲಾಗದು. ಎರಡೂ ಕಡೆಯ ಕೋಷ್ಟಕಗಳ ಚೆಕ್‌ಸಮ್ ತೆಗೆದು ಹೋಲಿಸಬೇಕು.

ಮೈಎಸ್‌ಕ್ಯೂಎಲ್ ತೋರಿಸುವ 'ಹಿಂದುಳಿದ ಸೆಕೆಂಡುಗಳು' ಎಂಬ ಸಂಖ್ಯೆಯನ್ನು ಮಾತ್ರ ನಂಬಬಾರದು. ಅದು ಈಗಾಗಲೇ ಬಂದು ತಲುಪಿದ ಲಾಗ್ ಅನ್ನು ಆಧರಿಸಿದ ಲೆಕ್ಕ. ಜಾಲ ನಿಧಾನವಾಗಿದ್ದು, ಬಂದಷ್ಟನ್ನೂ ನಕಲು ಸರ್ವರ್ ಅನ್ವಯಿಸಿ ಮುಗಿಸಿದ್ದರೆ ಅದು 0 ಎಂದು ತೋರಿಸಬಹುದು. ವಾಸ್ತವದಲ್ಲಿ ನಕಲು ಗಂಟೆಗಟ್ಟಲೆ ಹಿಂದಿರಬಹುದು.

ಸಾಮಾನ್ಯ ದೋಷಗಳು

ಪ್ಯಾಕೆಟ್ ಗಾತ್ರ: ಪಿಂಗ್ ಉತ್ತರ ಬರುತ್ತದೆ, ಲಾಗಿನ್ ಸಾಧ್ಯವಾಗುತ್ತದೆ, ಆದರೆ ದೊಡ್ಡ ದತ್ತಾಂಶ ಸಾಗುವಾಗ ಸಂಪರ್ಕ ಸ್ತಬ್ಧವಾಗುತ್ತದೆ. ವಿಪಿಎನ್ ಸುರಂಗಗಳಲ್ಲಿ ಇದು ಕಂಡುಬರುತ್ತದೆ. ಈಥರ್‌ನೆಟ್‌ನ ಸಾಮಾನ್ಯ ಮಿತಿ 1,500 ಬೈಟ್; ಸುರಂಗದ ಹೆಚ್ಚುವರಿ ಶೀರ್ಷಿಕೆಗಳಿಂದ ಆ ಮಿತಿ ಕುಗ್ಗುತ್ತದೆ. ತುಂಡರಿಸಬಾರದೆಂಬ ಸೂಚನೆಯೊಡನೆ 1,472 ಬೈಟ್‌ನ ಪಿಂಗ್ ಕಳುಹಿಸಿ, ಉತ್ತರ ಬರುವವರೆಗೆ ಗಾತ್ರವನ್ನು ತಗ್ಗಿಸುತ್ತಾ ಹೋದರೆ ನಿಜವಾದ ಮಿತಿ ತಿಳಿಯುತ್ತದೆ.

ಅಳಿದುಹೋದ ಲಾಗ್: ಸಂಪರ್ಕ ಮರಳುವ ಮೊದಲೇ ಮೂಲ ಸರ್ವರ್ ಹಳೆಯ ಲಾಗ್ ಅಳಿಸಿದ್ದರೆ ನಕಲು ಸರ್ವರ್ ಮುಂದುವರಿಯಲಾರದು. ಮೈಎಸ್‌ಕ್ಯೂಎಲ್‌ನಲ್ಲಿ ಇದು ಸಾಮಾನ್ಯವಾಗಿ 1236ನೇ ದೋಷವಾಗಿ ಕಾಣುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ರೆಪ್ಲಿಕೇಶನ್ ಸ್ಲಾಟ್ ಲಾಗ್ ಅಳಿಯದಂತೆ ಕಾಯುತ್ತದೆ. ಆದರೆ ಮಿತಿ ಹಾಕದಿದ್ದರೆ ದೀರ್ಘ ಕಡಿತದಲ್ಲಿ ಮೂಲ ಸರ್ವರ್‌ನ ಡಿಸ್ಕ್ ತುಂಬಿ ಅದೇ ನಿಂತುಹೋಗಬಹುದು. ಈ ಮಿತಿಯನ್ನು ನಿಗದಿಪಡಿಸುವ ಸೌಲಭ್ಯವು 13ನೇ ಆವೃತ್ತಿಯಿಂದ ಲಭ್ಯವಿದೆ.

ಕನ್ನಡ ಅಕ್ಷರಗಳು: ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. 'ಪಾವಗಡ' ಎಂಬ ಪದದಲ್ಲಿ 5 ಸಂಕೇತಗಳಿದ್ದು ಅದು 15 ಬೈಟ್ ಆಗುತ್ತದೆ. ಕಾಲಂನ ಅಳತೆಯನ್ನು ಬೈಟ್‌ಗಳಲ್ಲಿ ನಿಗದಿಪಡಿಸಿದ್ದರೆ ಹೆಸರುಗಳು ಅರ್ಧಕ್ಕೆ ಕತ್ತರಿಸಿಹೋಗಬಹುದು. 'ಕೋ' ಅಕ್ಷರದ ದೀರ್ಘ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಲು ಸಾಧ್ಯ. ಪರದೆಯ ಮೇಲೆ ಒಂದೇ ಆಗಿ ಕಾಣುವ ಎರಡು ಹೆಸರುಗಳ ಚೆಕ್‌ಸಮ್ ಇದರಿಂದ ಬೇರೆಯಾಗಬಹುದು. ಹಳೆಯ ಫಾಂಟ್ ಆಧಾರಿತ ದತ್ತಾಂಶವನ್ನು ಯೂನಿಕೋಡ್‌ಗೆ ಎರಡೂ ಕಡೆ ಪ್ರತ್ಯೇಕವಾಗಿ ಪರಿವರ್ತಿಸುವ ಬದಲು, ಮೂಲದಲ್ಲಿ ಒಮ್ಮೆ ಪರಿವರ್ತಿಸಿ ಅದನ್ನೇ ಕಳುಹಿಸುವುದು ಸುರಕ್ಷಿತ.

ದೋಷವನ್ನು ದಾಟಿಸುವ ಅಪಾಯ

ನಕಲು ಸರ್ವರ್‌ನಲ್ಲಿ ಈಗಾಗಲೇ ಇರುವ ಸಾಲನ್ನು ಮತ್ತೆ ಸೇರಿಸಲು ಹೊರಟಾಗ ಮೈಎಸ್‌ಕ್ಯೂಎಲ್ 1062ನೇ ದೋಷವನ್ನೂ, ತಿದ್ದಬೇಕಾದ ಸಾಲು ಇಲ್ಲದಿದ್ದಾಗ 1032ನೇ ದೋಷವನ್ನೂ ನೀಡಿ ನಿಲ್ಲುತ್ತದೆ. ಆ ಒಂದು ವ್ಯವಹಾರವನ್ನು ಬಿಟ್ಟು ಮುಂದಕ್ಕೆ ಸಾಗುವಂತೆ ಆದೇಶಿಸಿದರೆ ರೆಪ್ಲಿಕೇಶನ್ ಕೂಡಲೇ ಆರಂಭವಾಗುತ್ತದೆ. ಆದರೆ ಹೀಗೆ ದಾಟಿಸುವಾಗ ಬಿಟ್ಟುಹೋಗುವುದು ಒಂದು ಸಾಲಲ್ಲ, ಇಡೀ ವ್ಯವಹಾರ.

ಉದಾಹರಣೆಗೆ, 2 ಎಕರೆ 10 ಗುಂಟೆ ಜಮೀನಿನ ಮ್ಯುಟೇಶನ್‌ನಲ್ಲಿ ಮಾರಿದವರ ಹೆಸರನ್ನು ತೆಗೆಯುವುದು ಮತ್ತು ಕೊಂಡವರ ಹೆಸರನ್ನು ಸೇರಿಸುವುದು ಒಂದೇ ವ್ಯವಹಾರದಲ್ಲಿ ನಡೆಯುತ್ತವೆ. ಅದನ್ನು ದಾಟಿಸಿದರೆ ಪಾವಗಡದಲ್ಲಿ ಜಮೀನು ಕೊಂಡವರ ಹೆಸರಿನಲ್ಲಿಯೂ, ಬೆಂಗಳೂರಿನ ನಕಲಿನಲ್ಲಿ ಮಾರಿದವರ ಹೆಸರಿನಲ್ಲಿಯೂ ಉಳಿಯುತ್ತದೆ. ಮುಂದೆ ಕೊಂಡವರ ಸಾಲನ್ನು ತಿದ್ದುವ ವ್ಯವಹಾರ ಬಂದಾಗ ಆ ಸಾಲೇ ಇಲ್ಲದೆ ಮತ್ತೆ ದೋಷ ಬರುತ್ತದೆ. ಅದನ್ನೂ ದಾಟಿಸಿದರೆ ವ್ಯತ್ಯಾಸ ಬೆಳೆಯುತ್ತಲೇ ಹೋಗುತ್ತದೆ. ಇಂಥ ದೋಷಗಳನ್ನು ತಾನಾಗಿಯೇ ಕಡೆಗಣಿಸುವಂತೆ ಸಂರಚಿಸಿದ ಸರ್ವರ್‌ನಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ.

ಸರಿಯಾದ ಕ್ರಮವೆಂದರೆ, ದೋಷ ಬಂದ ಸಾಲನ್ನು ಎರಡೂ ಕಡೆ ಓದಿ ವ್ಯತ್ಯಾಸದ ಕಾರಣವನ್ನು ಅರಿಯುವುದು, ಮೂಲಕ್ಕೆ ಅನುಗುಣವಾಗಿ ನಕಲನ್ನು ತಿದ್ದುವುದು, ನಂತರ ಇಡೀ ಕೋಷ್ಟಕದ ಚೆಕ್‌ಸಮ್ ಹೋಲಿಸುವುದು. ವ್ಯತ್ಯಾಸಗಳು ಹೆಚ್ಚಿದ್ದರೆ ಮೂಲದ ಹೊಸ ಬ್ಯಾಕಪ್‌ನಿಂದ ನಕಲನ್ನು ಪುನಃ ನಿರ್ಮಿಸುವುದೇ ಉತ್ತಮ. ಸಂಪರ್ಕ ದುರ್ಬಲವಾಗಿದ್ದಲ್ಲಿ ಬ್ಯಾಕಪ್ ಅನ್ನು ಗೂಢಲಿಪೀಕರಿಸಿ, ಹಾರ್ಡ್‌ಡಿಸ್ಕ್‌ನಲ್ಲಿ ರಸ್ತೆಯ ಮೂಲಕ ಸಾಗಿಸುವುದು ಹೆಚ್ಚು ಬೇಗನೆ ಮುಗಿಯಬಹುದು.

ಮುನ್ನೆಚ್ಚರಿಕೆಗಳು

* ನಕಲು ಸರ್ವರ್ ಅನ್ನು ಓದಲು ಮಾತ್ರ ಅವಕಾಶವಿರುವಂತೆ ಸಂರಚಿಸುವುದು. ಅಲ್ಲಿ ನೇರವಾಗಿ ಮಾಡಿದ ತಿದ್ದುಪಡಿಗಳೇ ಅನೇಕ ವ್ಯತ್ಯಾಸಗಳಿಗೆ ಮೂಲ.
* ಮೂಲದಲ್ಲಿ ನಿಮಿಷಕ್ಕೊಮ್ಮೆ ಸಮಯವನ್ನು ಒಂದು ಸಣ್ಣ ಕೋಷ್ಟಕದಲ್ಲಿ ಬರೆದು, ನಕಲಿನಲ್ಲಿ ಅದನ್ನು ಓದಿ ನಿಜವಾದ ವಿಳಂಬವನ್ನು ಅಳೆಯುವುದು. ಇದಕ್ಕಾಗಿ ಎರಡೂ ಸರ್ವರ್‌ಗಳ ಗಡಿಯಾರಗಳನ್ನು ಎನ್‌ಟಿಪಿ ಮೂಲಕ ಹೊಂದಿಸಿರಬೇಕು.
* ಊಹಿಸಬಹುದಾದ ಅತಿ ದೀರ್ಘ ಕಡಿತಕ್ಕಿಂತ ಹೆಚ್ಚು ಕಾಲ ಲಾಗ್ ಉಳಿಯುವಂತೆ ನೋಡಿಕೊಂಡು, ಅದಕ್ಕೆ ತಕ್ಕ ಡಿಸ್ಕ್ ಒದಗಿಸುವುದು.
* ಚೆಕ್‌ಸಮ್ ಹೋಲಿಕೆಯನ್ನು ದೋಷ ಬಂದಾಗ ಮಾತ್ರವಲ್ಲದೆ ನಿಯತವಾಗಿ ನಡೆಸುವುದು.
* ನಕಲಿನಿಂದ ಮುದ್ರಿಸುವ ದಾಖಲೆಯ ಮೇಲೆ ಮುದ್ರಣದ ಸಮಯದೊಡನೆ, ದತ್ತಾಂಶವು ಯಾವ ಸಮಯದವರೆಗಿನದು ಎಂಬುದನ್ನೂ ನಮೂದಿಸುವುದು. ಇದರಿಂದ ದಾಖಲೆಯನ್ನು ಪಡೆದವರೇ ಅದು ಹಳೆಯದೋ ಹೊಸದೋ ಎಂಬುದನ್ನು ತಿಳಿಯಬಹುದು.