ಫೋರ್ಕ್‌ಲಿಫ್ಟ್ ಬ್ಯಾಟರಿ ಚಾರ್ಜರಿಗೆ ಸುರಕ್ಷಿತ ವೈರಿಂಗ್

ಗೋದಾಮು, ಕಾರ್ಖಾನೆಗಳಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್‌ಗಳ ಸೀಸ-ಆಮ್ಲ ಬ್ಯಾಟರಿಗಳು ಚಾರ್ಜ್ ಆಗುವಾಗ ಜಲಜನಕ ಅನಿಲವನ್ನು ಹೊರಸೂಸುತ್ತವೆ. ಗಾಳಿಯಲ್ಲಿ ಇದರ ಪ್ರಮಾಣ ಶೇ. 4 ತಲುಪಿದರೆ ಸಣ್ಣ ಕಿಡಿಯಿಂದಲೂ ಬೆಂಕಿ ಹೊತ್ತಿಕೊಳ್ಳಬಹುದು. ಆದುದರಿಂದ ಚಾರ್ಜಿಂಗ್ ಸ್ಥಳದಲ್ಲಿ ಗಾಳಿಯ ಸಂಚಾರವಿರಬೇಕು. ವೈರಿಂಗ್ ವಿಧಾನವನ್ನೂ ಎಚ್ಚರಿಕೆಯಿಂದ ಆರಿಸಬೇಕು.

ನೆಲದ ಮೇಲೆ ಎಳೆದ ತಾತ್ಕಾಲಿಕ ತಂತಿಯು ವಾಹನದ ಚಕ್ರಕ್ಕೆ ಸಿಕ್ಕಿ ಜಜ್ಜಿಹೋಗುವುದರಿಂದ ಅದು ಸಲ್ಲದು. ಪ್ರತಿ ಚಾರ್ಜರಿಗೂ ಪ್ರತ್ಯೇಕ ಸರ್ಕ್ಯೂಟ್ ಇದ್ದು, ಆರ್ಮರ್ಡ್ ಕೇಬಲನ್ನು ಅಥವಾ ಲೋಹದ ಕೊಳವೆಯೊಳಗಿನ ತಂತಿಯನ್ನು ಆಮ್ಲ ಸಿಡಿಯದ ಎತ್ತರದಲ್ಲಿ ಗೋಡೆಗೆ ಭದ್ರಪಡಿಸತಕ್ಕದ್ದು. ಹಗುರವಾದ ಜಲಜನಕವು ಮೇಲೇರುವುದರಿಂದ ಬ್ಯಾಟರಿಯ ನೇರ ಮೇಲ್ಭಾಗದಲ್ಲಿ ಸ್ವಿಚ್ಚುಗಳಿರಬಾರದು. 415 ವೋಲ್ಟಿನ ಚಾರ್ಜರಿನ ಲೋಹದ ಹೊರಕವಚಕ್ಕೆ ಎರಡು ಪ್ರತ್ಯೇಕ ಅರ್ತಿಂಗ್ ಜೋಡಣೆಗಳು ಕಡ್ಡಾಯ. ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಬ್ಯಾಟರಿಯ ಪ್ಲಗ್ ಕಳಚುವ ಮುನ್ನ ಚಾರ್ಜರನ್ನು ಆಫ್ ಮಾಡುವುದನ್ನು ಕಾರ್ಮಿಕರು ಮರೆಯಬಾರದು.